ಕೈಗೆ ಗನ್ ಬಂದ ಮೇಲೂ ಹೆದರಿಕೆ ಉಳಿಯುತ್ತದಾ? (ಹಾರರ್, ಆ್ಯಕ್ಷನ್ ಗೇಮ್ ಆಡುವವರು ಬನ್ನಿ)

ಮೂಡಿಗೆರೆ_ಮಂಜು

ಗುಂಡು ಎಣಿಸುತ್ತಾ ಆಡುವಷ್ಟು ಹೊತ್ತು ಅದು ಹಾರರ್ ಗೇಮ್. ಎಣಿಸುವುದು ಬಿಟ್ಟ ಕೂಡಲೇ ಅದು ಆ್ಯಕ್ಷನ್ ಗೇಮ್. ಈ ಮಳೆಗಾಲದಲ್ಲಿ ಒಂದರ ಹಿಂದೆ ಒಂದು ಆಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಒಪ್ಪದವರು ಕೆಳಗೆ ಬೈಯಬಹುದು.

ರೆಸಿಡೆಂಟ್ ಈವಿಲ್ 2ರ ರಿಮೇಕ್ (2019) ತಗೊಳ್ಳಿ. ಪೊಲೀಸ್ ಠಾಣೆಯೊಳಗೆ ಸಿಕ್ಕಿಹಾಕಿಕೊಂಡಿರುತ್ತೀರಿ. ಕೈಯಲ್ಲಿ ಒಂದು ಪಿಸ್ತೂಲು. ಜಾಂಬಿಯ ತಲೆಗೆ ಮೂರು ನಾಲ್ಕು ಹೊಡೆದರೂ ಬೀಳುತ್ತದೆ ಅಂತ ಗ್ಯಾರಂಟಿ ಇಲ್ಲ. ಬಿದ್ದರೂ ಸತ್ತಿದೆ ಅಂತ ನಂಬುವ ಹಾಗಿಲ್ಲ. ಸ್ವಲ್ಪ ಹೊತ್ತಿಗೆ ನೀವೇ ಹೊಡೆಯುವುದು ಬಿಡುತ್ತೀರಿ. ಕಾಲಿಗೆ ಒಂದು ಹಾಕಿ ಪಕ್ಕದಿಂದ ನುಸುಳುತ್ತೀರಿ. ಕಿಟಕಿಗೆ ಹಲಗೆ ಬಡಿಯಬಹುದು, ಆದರೆ ಎಲ್ಲ ಕಿಟಕಿಗೂ ಹಲಗೆ ಸಾಲುವುದಿಲ್ಲ. ಯಾವ ದಾರಿ ಉಳಿಸಿಕೊಳ್ಳಲಿ, ಯಾವುದನ್ನು ಜಾಂಬಿಗಳಿಗೇ ಬಿಡಲಿ ಅಂತ ಲೆಕ್ಕ ಹಾಕುತ್ತಿರುವಾಗ ಮಿಸ್ಟರ್ ಎಕ್ಸ್ ಬರುತ್ತಾನೆ. ದೊಡ್ಡ ಆಳು, ತಲೆಗೆ ಹ್ಯಾಟು. ಎಷ್ಟು ಹೊಡೆದರೂ ಸ್ವಲ್ಪ ಹೊತ್ತು ಮಂಡಿ ಊರುತ್ತಾನೆ, ಅಷ್ಟೇ. ಕಾಣುವ ಮೊದಲೇ ಅವನ ಬೂಟಿನ ಸದ್ದು ಕೇಳುತ್ತದೆ. ಮೇಲಿನ ಮಹಡಿಯಲ್ಲೋ, ಪಕ್ಕದ ರೂಮಿನಲ್ಲೋ ಗೊತ್ತಾಗುವುದಿಲ್ಲ.

ಅದಾದ ಮೇಲೆ ರೆಸಿಡೆಂಟ್ ಈವಿಲ್ 4ರ ರಿಮೇಕ್ (2023) ಆಡಿದೆ. ಶುರುವಿನ ಹಳ್ಳಿ ಬಹಳ ಚೆನ್ನಾಗಿದೆ. ಸುತ್ತ ಊರವರು ಕತ್ತಿ ಕೊಡಲಿ ಹಿಡಿದು ಬರುತ್ತಾರೆ, ಒಬ್ಬ ತಲೆಗೆ ಗೋಣಿಚೀಲ ಸುತ್ತಿಕೊಂಡು ಗರಗಸದ ಯಂತ್ರ ತಿರುಗಿಸುತ್ತಾ ಬರುತ್ತಾನೆ. ಮನೆಯೊಳಗೆ ನುಗ್ಗಿ ಬಾಗಿಲಿಗೆ ಏನಾದರೂ ಅಡ್ಡ ಇಟ್ಟರೆ ಕಿಟಕಿಯಿಂದ ಬರುತ್ತಾರೆ. ಚರ್ಚ್ ಗಂಟೆ ಹೊಡೆಯುವ ತನಕ ಬದುಕಿಕೊಂಡರೆ ಸಾಕು. ಇದು ಹಾರರ್. ಆದರೆ ಕೊನೆಗೆ ದ್ವೀಪಕ್ಕೆ ಬರುವ ಹೊತ್ತಿಗೆ ನನ್ನ ಸೂಟ್‌ಕೇಸಿನಲ್ಲಿ ಶಾಟ್‌ಗನ್, ರೈಫಲ್, ಮ್ಯಾಗ್ನಂ ಎಲ್ಲ ಇತ್ತು. ವ್ಯಾಪಾರಿ ಹತ್ತಿರ ಎಲ್ಲವನ್ನೂ ಅಪ್‌ಗ್ರೇಡ್ ಮಾಡಿಸಿಕೊಂಡಿದ್ದೆ. ಮಜಾ ಬಂತು, ಸುಳ್ಳು ಹೇಳುವುದಿಲ್ಲ. ಹೆದರಿಕೆ ಮಾತ್ರ ಪೂರ್ತಿ ಹೋಗಿತ್ತು.

ಈ ಸರಣಿಯ ಚರಿತ್ರೆಯೇ ಹಾಗೆ ಅಲ್ವಾ. 1996ರಲ್ಲಿ ಬಂಗಲೆಯೊಳಗೆ ಶುರುವಾದದ್ದು. 2005ರಲ್ಲಿ 4 ಬಂದು ಕ್ಯಾಮೆರಾವನ್ನು ಹೀರೋನ ಹೆಗಲ ಹಿಂದೆ ತಂದಿತು. 5 ಮತ್ತು 6 ಬರುವ ಹೊತ್ತಿಗೆ ಬರೀ ಢಂ ಢಂ. 2017ರಲ್ಲಿ 7 ಬಂದಾಗ ಮತ್ತೆ ಒಂದು ಹಳೇ ಮನೆ, ಒಂದು ಹುಚ್ಚು ಸಂಸಾರ, ಕೈಯಲ್ಲಿ ಸಣ್ಣ ಗನ್. ಜನ ಮತ್ತೆ ಹೆದರಿದರು.

ಬಿಎಂರೋಡ್_ಜೋನ್ಸ್

ಮಂಜಣ್ಣ, ಅರ್ಧ ಒಪ್ಪುತ್ತೇನೆ. ಡೂಮ್ ಎಟರ್ನಲ್ (2020) ಆಡಿದ್ದೀರಾ? ಅದರಲ್ಲೂ ಗುಂಡು ಖಾಲಿಯಾಗುತ್ತಲೇ ಇರುತ್ತದೆ. ಎಣಿಸಲೇಬೇಕು. ಹೆದರಿಕೆ ಎಲ್ಲಿದೆ? ಒಂದು ಚೂರೂ ಇಲ್ಲ.

ಯಾಕೆ ಅಂದರೆ ಗುಂಡು ಮುಗಿದಾಗ ಡೂಮ್ ನಿಮ್ಮನ್ನು ಮುಂದಕ್ಕೆ ತಳ್ಳುತ್ತದೆ. ರಾಕ್ಷಸನ ಹತ್ತಿರ ಹೋಗಿ ಗರಗಸದಲ್ಲಿ ಸೀಳಿದರೆ ಗುಂಡು ಉದುರುತ್ತದೆ. ಬೆಂಕಿ ಹಚ್ಚಿದರೆ ಕವಚ ಸಿಗುತ್ತದೆ. ತತ್ತರಿಸುತ್ತಿರುವವನನ್ನು ಕೈಯಿಂದಲೇ ಮುಗಿಸಿದರೆ ಆರೋಗ್ಯ ಬರುತ್ತದೆ. ಅಂದರೆ ನಿಮಗೆ ಬೇಕಾದದ್ದೆಲ್ಲ ಅವರ ಹೊಟ್ಟೆಯಲ್ಲೇ ಇದೆ. ದೂರ ನಿಂತರೆ ಸಾಯುತ್ತೀರಿ, ಮೇಲೆ ಬಿದ್ದರೆ ಬದುಕುತ್ತೀರಿ. ರೆಸಿಡೆಂಟ್ ಈವಿಲ್‌ನಲ್ಲಿ ಗುಂಡು ಮುಗಿದರೆ ಹಿಂದಕ್ಕೆ ಓಡಬೇಕು. ವ್ಯತ್ಯಾಸ ಅಲ್ಲಿದೆ. ಗುಂಡು ಎಷ್ಟಿದೆ ಅನ್ನುವುದಕ್ಕಿಂತ, ಮುಗಿದ ಮೇಲೆ ಕಾಲು ಯಾವ ಕಡೆ ಹೋಗುತ್ತದೆ ಅನ್ನುವುದನ್ನು ನೋಡಿ.

ಮೂಡಿಗೆರೆ_ಮಂಜು

ಈ ಮಾತು ಚೆನ್ನಾಗಿದೆ ಮಾರಾಯ್ರೆ. ಡೂಮ್ ಆಡಿದ್ದೇನೆ, ಹಾರರ್ ಮಧ್ಯೆ ತಲೆ ಹಗುರ ಮಾಡಿಕೊಳ್ಳಲು ಅದೇ. ಕಾಲು ಯಾವ ಕಡೆ ಅನ್ನುವುದನ್ನು ನನ್ನ ಲೆಕ್ಕಕ್ಕೆ ಸೇರಿಸಿಕೊಂಡೆ. ಆದರೆ 2004ರ ಡೂಮ್ 3 ನೆನಪಿದೆಯಾ? ಅದೇ ಸರಣಿ. ಅಲ್ಲಿ ಟಾರ್ಚ್ ಹಿಡಿದರೆ ಗನ್ ಇಲ್ಲ, ಗನ್ ಹಿಡಿದರೆ ಟಾರ್ಚ್ ಇಲ್ಲ. ಕತ್ತಲಲ್ಲಿ ಸದ್ದು ಬಂದ ಕಡೆ ಅಂದಾಜಿನ ಮೇಲೆ ಹೊಡೆಯಬೇಕು. 2012ರ ಆವೃತ್ತಿಯಲ್ಲಿ ಎರಡನ್ನೂ ಒಟ್ಟಿಗೆ ಕೊಟ್ಟರು. ಅಲ್ಲಿಗೆ ಅರ್ಧ ಭಯ ಹೋಯಿತು.

ಬಿಎಂರೋಡ್_ಜೋನ್ಸ್

ಟಾರ್ಚ್ ವಿಷಯಕ್ಕೆ ಆಗ ಜನ ಬೈದದ್ದು ಎಷ್ಟು! ಗನ್‌ಗೆ ಟಾರ್ಚ್ ಕಟ್ಟಲು ಒಂದು ತುಂಡು ಟೇಪ್ ಇಲ್ವಾ ಅಂತ ಕೇಳಿ, ಟೇಪ್ ಹೆಸರಿನಲ್ಲೇ ಒಂದು ಮಾಡ್ (ಆಡುವವರೇ ಗೇಮ್‌ಗೆ ಮಾಡುವ ಬದಲಾವಣೆ) ಕೂಡ ಮಾಡಿದ್ದರು.

ಇಶಿಮುರಾ_ಮೆಕ್ಯಾನಿಕ್

ಹಾಸನದಿಂದ ಇನ್ನೊಬ್ಬ. ಡೆಡ್ ಸ್ಪೇಸ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನನ್ನ ಹೆಸರು ನೋಡಿದರೆ ಗೊತ್ತಾಗುತ್ತದೆ ನಾನ್ಯಾಕೆ ಬಂದೆ ಅಂತ, ಇಶಿಮುರಾ ಅಂದರೆ ಆ ಗೇಮ್ ನಡೆಯುವ ಬಾಹ್ಯಾಕಾಶ ನೌಕೆ.

ಅದರ ಹೀರೋ ಐಸಾಕ್ ಕ್ಲಾರ್ಕ್ ಸೈನಿಕ ಅಲ್ಲ, ಎಂಜಿನಿಯರ್. ಅವನ ಪ್ಲಾಸ್ಮಾ ಕಟ್ಟರ್ ಗಣಿ ಕೆಲಸದ ಸಾಮಾನು. ಬೇರೆ ಎಲ್ಲ ಗೇಮ್‌ಗಳಲ್ಲಿ ತಲೆಗೆ ಹೊಡಿ ಅಂತ ಕಲಿತಿರುತ್ತೇವೆ. ಇಲ್ಲಿ ತಲೆ ಹೋದರೂ ರಾಕ್ಷಸ ಪ್ರಾಣಿ ಬರುತ್ತಲೇ ಇರುತ್ತದೆ. ಕೈಕಾಲು ಕತ್ತರಿಸಬೇಕು. ಶುರುವಿನಲ್ಲೇ ಗೋಡೆ ಮೇಲೆ ರಕ್ತದಲ್ಲಿ ಬರೆದಿಟ್ಟಿದ್ದಾರೆ. ಕಟ್ಟರ್ ಅಡ್ಡ ತಿರುಗಿಸಿದರೆ ಕಾಲಿಗೆ, ಉದ್ದ ತಿರುಗಿಸಿದರೆ ಕೈಗೆ. ಇದು ಲೆಕ್ಕ ಇಟ್ಟುಕೊಂಡು ಮಾಡುವ ಕೆಲಸ, ಆದರೆ ಎದುರಿಗಿರುವುದು ಕಿರುಚುತ್ತಾ ಓಡಿ ಬರುತ್ತಿದೆ. ಕೈ ನಡುಗದೇ ಇರುತ್ತದಾ?

ನನಗೆ ಇನ್ನೂ ಇಷ್ಟವಾದದ್ದು ಪರದೆ ಮೇಲೆ ಏನೂ ಇಲ್ಲದಿರುವುದು. ಆರೋಗ್ಯದ ಪಟ್ಟಿ ಐಸಾಕ್‌ನ ಬೆನ್ನುಹುರಿಯ ಮೇಲೇ ಹೊಳೆಯುತ್ತದೆ. ಗುಂಡಿನ ಲೆಕ್ಕ ಗನ್ ಮೇಲೇ ಬರುತ್ತದೆ. ಸಾಮಾನು ನೋಡಲು ಮೆನು ತೆಗೆದರೆ ಗೇಮ್ ನಿಲ್ಲುವುದಿಲ್ಲ, ಎದುರಿಗೆ ಗಾಳಿಯಲ್ಲಿ ಒಂದು ಪರದೆ ಬಿಡಿಸಿಕೊಳ್ಳುತ್ತದೆ. ನೀವು ಮದ್ದು ಹುಡುಕುತ್ತಿರುವಾಗ ಹಿಂದಿನಿಂದ ಬಂದು ಹಿಡಿಯಬಹುದು. ತಪ್ಪಿಸಿಕೊಂಡು ಉಸಿರು ಬಿಡಲು ಜಾಗವೇ ಇಲ್ಲ. ಗಾಳಿ ಇಲ್ಲದ ಜಾಗಕ್ಕೆ ಹೋದರೆ ಹೊರಗಿನ ಸದ್ದೆಲ್ಲ ಅಡಗಿ, ಅವನ ಉಸಿರೇ ಮುಂದಾಗಿ ಕೇಳುತ್ತದೆ.

2008ರದ್ದು ಆಡಿದವರೂ 2023ರ ರಿಮೇಕ್ ಆಡಿ. ಹಳೆಯದರಲ್ಲಿ ಮಾತಾಡದ ಐಸಾಕ್ ಇದರಲ್ಲಿ ಮಾತಾಡುತ್ತಾನೆ. ಮೊದಲು ಬೇಡವಿತ್ತು ಅನ್ನಿಸಿತು, ಆಮೇಲೆ ಒಗ್ಗಿತು. 2013ರ ಮೂರನೇ ಭಾಗ ಮಾತ್ರ ಮಂಜಣ್ಣ ಹೇಳಿದ ಹಾಗೇ ಆಯಿತು. ಎಲ್ಲ ಗನ್‌ಗೂ ಒಂದೇ ಥರ ಗುಂಡು, ಜೊತೆಗೆ ಆಡಲು ಇನ್ನೊಬ್ಬ. ಪಕ್ಕದಲ್ಲಿ ಫ್ರೆಂಡ್ ಇದ್ದರೆ ಎಂಥ ಭಯ?

ಬಾಳೆಹೊನ್ನೂರು_ಅಕ್ಕ

ಗುಂಡು ಗುಂಡು ಅಂತ ಎಲ್ಲರೂ ಗನ್ ಹಿಂದೆಯೇ ಬಿದ್ದಿದ್ದೀರಿ. ಸದ್ದಿನ ಬಗ್ಗೆ ಮಾತಾಡಿ. ಮಿಸ್ಟರ್ ಎಕ್ಸ್ ಬೂಟಿನ ಸದ್ದು ತೆಗೆದು ಆಡಿದರೆ ಅವನು ಬರೀ ದೊಡ್ಡ ಕೋಟು ಹಾಕಿದ ಆಳು.

ನಾನು ಪಿಎಸ್4ರಲ್ಲಿ (ಪ್ಲೇಸ್ಟೇಷನ್ 4) ಆಡುವವಳು. ಮಕ್ಕಳು ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು. ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್ (2017) ಯಾರಾದರೂ ಆಡಿದ್ದೀರಾ? ಕತ್ತಿ ಕಾಳಗದ ಗೇಮ್. ಆದರೆ ಸೆನುವಾಳ ತಲೆಯೊಳಗೆ ಧ್ವನಿಗಳು ಕೇಳುತ್ತಲೇ ಇರುತ್ತವೆ. ಎರಡೂ ಕಿವಿಗೆ ಬೇರೆ ಬೇರೆ ಮೈಕ್ ಇಟ್ಟು ರೆಕಾರ್ಡ್ ಮಾಡಿದ್ದಾರೆ. ಒಬ್ಬಳು ಎಡಗಿವಿಯ ಹತ್ತಿರ ಪಿಸುಗುಟ್ಟುತ್ತಾಳೆ, ಇನ್ನೊಬ್ಬಳು ತಲೆಯ ಹಿಂದೆ ನಗುತ್ತಾಳೆ. ಕಾಳಗದ ಮಧ್ಯೆ ಹಿಂದಿನಿಂದ ಬರುತ್ತಿದ್ದಾನೆ ಅಂತ ಎಚ್ಚರಿಸುವವರೂ ಅವರೇ. ಬೈಯುವವರು ಅವರೇ, ಕಾಪಾಡುವವರೂ ಅವರೇ. ಮಾನಸಿಕ ಕಾಯಿಲೆ ಇದ್ದವರ, ವೈದ್ಯರ ಸಲಹೆ ಪಡೆದು ಮಾಡಿದ ಗೇಮ್ ಅದು. ಹಾಗಾಗಿ ಸುಮ್ನೆ ಹೆದರಿಸಲು ಇಟ್ಟದ್ದು ಅನ್ನಿಸುವುದಿಲ್ಲ. ಟಿವಿ ಸ್ಪೀಕರ್‌ನಲ್ಲಿ ಆಡಿದರೆ ದುಡ್ಡು ದಂಡ.

ಏಲಿಯನ್: ಐಸೊಲೇಷನ್ (2014) ಬಗ್ಗೆ ಒಂದು ತಮಾಷೆ ಹೇಳುತ್ತೇನೆ. ಪಿಎಸ್4ಗೆ ಕ್ಯಾಮೆರಾ ಹಾಕಿದ್ದರೆ ಅದರ ಮೈಕ್ ನಿಮ್ಮ ಮನೆಯ ಸದ್ದನ್ನೂ ಕೇಳಿಸಿಕೊಳ್ಳುವ ಹಾಗೆ ಮಾಡಬಹುದು. ನೀವು ಕೆಮ್ಮಿದರೂ ಗೇಮ್‌ನಲ್ಲಿ ನಿಮ್ಮನ್ನು ಬೇಟೆಯಾಡುವ ಏಲಿಯನ್‌ಗೆ ಗೊತ್ತಾಗುತ್ತದೆ. ನಮ್ಮದು ಮುಂದಿನ ಭಾಗ ಶೀಟಿನ ಮನೆ. ಜುಲೈ ಮಳೆಯಲ್ಲಿ ಅದನ್ನು ಆನ್ ಮಾಡಿದರೆ ಏಲಿಯನ್ ನನ್ನ ಮಡಿಲಲ್ಲೇ ಬಂದು ಕೂರುತ್ತದೆ.

ಬಿಎಂರೋಡ್_ಜೋನ್ಸ್

ಅಕ್ಕಾ 😂😂 ಬಾಳೆಹೊನ್ನೂರು ಮಳೆಗೆ ಏಲಿಯನ್ನೇ ಕಿವಿ ಮುಚ್ಚಿಕೊಂಡು ಓಡುತ್ತದೆ.

ಸಕಲೇಶಪುರ_ತೋಟದವನು

ಇಲ್ಲಿ ಹೆಚ್ಚು ಬರೆಯುವವನಲ್ಲ, ಏಲಿಯನ್ ಹೆಸರು ನೋಡಿ ಬಂದೆ.

ನಮ್ಮ ಕಡೆ, ಆಲೂರು ಕಡೆ ಇರುವವರಿಗೆ ಆ ಗೇಮ್ ಬೇಗ ಅರ್ಥವಾಗುತ್ತದೆ. ಆನೆ ಯಾವ ಕಡೆ ಇದೆ ಅಂತ ಮೊಬೈಲ್‌ಗೆ ಮೆಸೇಜ್ ಬರುತ್ತದೆ. ಇಂಥ ಎಸ್ಟೇಟ್ ಹತ್ತಿರ ಅಂತ ಮಾತ್ರ. ಯಾವ ಗಿಡದ ಹಿಂದೆ ಅಂತ ಯಾರು ಹೇಳುತ್ತಾರೆ? ಮುಂಜಾನೆ ಕಾಫಿ ಗಿಡದ ಮಧ್ಯೆ ನಡೆಯುವಾಗ ಕಣ್ಣಿಗಿಂತ ಕಿವಿ ಜಾಸ್ತಿ ಕೆಲಸ ಮಾಡುತ್ತದೆ. ಗೇಮ್‌ನಲ್ಲಿ ಆ ಮೋಷನ್ ಟ್ರ್ಯಾಕರ್ ಇದೆಯಲ್ಲ, ಅದೂ ಹಾಗೆಯೇ. ಏನೋ ಓಡಾಡುತ್ತಿದೆ, ಇಷ್ಟು ದೂರ, ಈ ಕಡೆ. ಮೇಲಿನ ಪೈಪಿನಲ್ಲೋ, ನೆಲದ ಮೇಲೋ ಹೇಳುವುದಿಲ್ಲ. ಹತ್ತಿರ ಬಂದಾಗ ಟ್ರ್ಯಾಕರ್‌ನ ಬೀಪ್ ಸದ್ದೇ ಅದಕ್ಕೆ ಕೇಳಿಸುತ್ತದೆ.

ಅದನ್ನು ಹೇಗೆ ಮಾಡಿದ್ದಾರೆ ಅಂತ ಓದಿದ್ದೇನೆ. ಎರಡು ಮಿದುಳು ಇಟ್ಟಿದ್ದಾರೆ. ಮೇಲೆ ಕೂತ ಒಂದಕ್ಕೆ ನೀವು ಎಲ್ಲಿದ್ದೀರಿ ಅಂತ ಯಾವಾಗಲೂ ಗೊತ್ತು. ಏಲಿಯನ್‌ಗೆ ಗೊತ್ತಿಲ್ಲ. ಮೇಲಿನದ್ದು ಆಗಾಗ ಏಲಿಯನ್‌ಗೆ ಈ ಕಡೆ ಹುಡುಕು ಅಂತ ಸುಳಿವು ಕೊಡುತ್ತದೆ, ಜಾಗ ಹೇಳುವುದಿಲ್ಲ. ಉಳಿದದ್ದನ್ನು ಅದು ತನ್ನ ಕಣ್ಣು ಕಿವಿಯಿಂದಲೇ ಹುಡುಕಬೇಕು. ನಿಮ್ಮನ್ನು ತುಂಬಾ ಹೊತ್ತು ಕಾಡಿದೆ ಅನ್ನಿಸಿದರೆ ಮೇಲಿನದ್ದೇ ಅದನ್ನು ವಾಪಸ್ ಪೈಪಿಗೆ ಕಳಿಸುತ್ತದೆ. ಹಾಗಾಗಿ ಮೋಸ ಅನ್ನಿಸುವುದಿಲ್ಲ, ಆದರೆ ಯಾವಾಗಲೂ ಹತ್ತಿರದಲ್ಲೇ ಇರುತ್ತದೆ.

ಇನ್ನು ಮಂಜು ಅವರ ಮಾತಿಗೆ. ಆ ಗೇಮ್‌ನಲ್ಲಿ ಮಧ್ಯದಲ್ಲಿ ಬೆಂಕಿ ಉಗುಳುವ ಯಂತ್ರ ಕೊಡುತ್ತಾರೆ. ಏಲಿಯನ್ ಸಾಯುವುದಿಲ್ಲ, ಹೆದರಿ ಓಡುತ್ತದೆ. ಜಾಸ್ತಿ ಬಳಸಿದರೆ ಅದಕ್ಕೂ ಅಭ್ಯಾಸವಾಗಿ ಹಿಂದೆ ಸರಿಯಲು ಸತಾಯಿಸುತ್ತದೆ. ಇಲ್ಲೂ ಪಟಾಕಿ ಹೊಡೆದು ಓಡಿಸುತ್ತೇವೆ. ಅದರ ಕಥೆಯೂ ಹೀಗೇ. ಕೈಯಲ್ಲಿ ಆಯುಧ ಇದ್ದೂ ಭಯ ಹೋಗಲಿಲ್ಲವಲ್ಲ?

ಮೂಡಿಗೆರೆ_ಮಂಜು

ತೋಟದವರೇ, ನೀವು ಹೆಚ್ಚು ಬರೆಯಬೇಕು. ಆದರೆ ಇದು ನನ್ನ ಮಾತಿಗೇ ಸಾಕ್ಷಿ ಅಂತೀನಿ. ಆ ಯಂತ್ರಕ್ಕೂ ಇಂಧನ ಎಣಿಸಬೇಕು, ಅದು ಏಲಿಯನ್ನನ್ನು ಕೊಲ್ಲುವುದೂ ಇಲ್ಲ. ಕೊಲ್ಲುವ ಆಯುಧ ಬೇರೆ, ಸ್ವಲ್ಪ ಹೊತ್ತು ಕೊಳ್ಳುವ ಆಯುಧ ಬೇರೆ. ಎರಡನೆಯದನ್ನು ಎಷ್ಟು ಕೊಟ್ಟರೂ ಹಾರರ್ ಕೆಡುವುದಿಲ್ಲ.

ಇಶಿಮುರಾ_ಮೆಕ್ಯಾನಿಕ್

ಹಾಗಾದರೆ ಫಿಯರ್ (2005) ಏನು ಹೇಳುತ್ತೀರಿ? ಅದರಲ್ಲಿ ಗನ್‌ಗೆ ಬರ ಇಲ್ಲ. ಕಾಲವನ್ನೇ ನಿಧಾನ ಮಾಡಿ ಹೊಡೆಯಬಹುದು. ಎದುರಾಳಿ ಸೈನಿಕರು ಒಬ್ಬರಿಗೊಬ್ಬರು ಕೂಗಿ ಹೇಳಿಕೊಂಡು ಸುತ್ತುವರಿಯುತ್ತಾರೆ, ಮೇಜು ಉರುಳಿಸಿ ಅದರ ಹಿಂದೆ ಕೂರುತ್ತಾರೆ. ಆ್ಯಕ್ಷನ್ ಅಂದರೆ ಅದು, ಇವತ್ತಿಗೂ ಅಂಥ ಶತ್ರುಗಳು ಕಡಿಮೆ. ಅದೇ ಗೇಮ್‌ನಲ್ಲಿ ಏಣಿ ಇಳಿಯಲು ತಿರುಗಿದರೆ ಮೇಲೆ ದೆವ್ವದಂಥ ಆಲ್ಮಾ ನಿಂತಿರುತ್ತಾಳೆ. ಸಣ್ಣ ಹುಡುಗಿ, ಕೆಂಪು ಫ್ರಾಕು. ಕೈ ಏಣಿ ಮೇಲಿದೆ, ಗನ್ ಇದ್ದೂ ಇಲ್ಲ.

ನನ್ನ ಪ್ರಕಾರ ಒಂದೇ ಗೇಮ್‌ನಲ್ಲಿ ಎರಡೂ ಇರಬಹುದು, ಬೇರೆ ಬೇರೆ ಇಟ್ಟರೆ. ಸೈನಿಕರಿಗೆ ಗನ್. ಆಲ್ಮಾಗೆ ಏನೂ ಇಲ್ಲ.

ಬಾಳೆಹೊನ್ನೂರು_ಅಕ್ಕ

ರೆಸಿಡೆಂಟ್ ಈವಿಲ್ ವಿಲೇಜ್ (2021) ಅದನ್ನೇ ಮಾಡಿದ್ದು. ಗೊಂಬೆ ಮನೆಯೊಳಗೆ ಹೋದ ಕೂಡಲೇ ಎಲ್ಲ ಗನ್ ಕಿತ್ತುಕೊಳ್ಳುತ್ತಾರೆ. ಆ ಇಡೀ ಗೇಮ್‌ನಲ್ಲಿ ನಾನು ಗೇಮ್ ನಿಲ್ಲಿಸಿ ನೀರು ಕುಡಿದು ಬಂದ ಜಾಗ ಅದೊಂದೇ.

ಮೂಡಿಗೆರೆ_ಮಂಜು

ರೆಸಿಡೆಂಟ್ ಈವಿಲ್ 4ರಲ್ಲೂ ಒಂದು ಜಾಗ ಇದೆ, ಈಗ ನೆನಪಾಯಿತು. ರೀಜೆನರೇಟರ್. ಬೂದು ಬಣ್ಣದ್ದು. ಗುಂಡು ಬಿದ್ದ ಕಡೆ ಮೈ ಮತ್ತೆ ಬೆಳೆದುಕೊಳ್ಳುತ್ತದೆ. ವಿಶೇಷ ಸ್ಕೋಪ್‌ನಲ್ಲಿ ನೋಡಿದರೆ ಮಾತ್ರ ಒಳಗಿರುವ ಹುಳಗಳು ಕಾಣುತ್ತವೆ, ಅವಕ್ಕೇ ಹೊಡೆಯಬೇಕು. ಅದು ಓಡುವುದೂ ಇಲ್ಲ. ಕಾರಿಡಾರ್ ಆಚೆ ಅದರ ಗೊರಗೊರ ಉಸಿರು ಕೇಳಿದರೆ ಸಾಕು. ಮ್ಯಾಗ್ನಂ ಇದ್ದವನೂ ಹಿಂದೆ ಹೆಜ್ಜೆ ಇಡುತ್ತಾನೆ. ಜೋನ್ಸ್ ಹೇಳಿದ ಕಾಲಿನ ಮಾತು ಇಲ್ಲಿಗೆ ಸರಿ ಕೂರುತ್ತದೆ.

ರತ್ನಗಿರಿ_ಬೋರೆ

ಚಿಕ್ಕಮಗಳೂರು ಟೌನ್‌ನಿಂದ. ಎಲ್ಲರೂ ರಾಕ್ಷಸರ ಬಗ್ಗೆಯೇ ಬರೆದಿದ್ದೀರಿ. ಸೈಲೆಂಟ್ ಹಿಲ್ 2 ಹೆಸರೇ ಇಲ್ಲವಲ್ಲ?

2001ರ ಗೇಮ್, 2024ರಲ್ಲಿ ರಿಮೇಕ್ ಬಂತು. ಜೇಮ್ಸ್‌ಗೆ ಸತ್ತುಹೋದ ಹೆಂಡತಿಯಿಂದ ಕಾಗದ ಬರುತ್ತದೆ, ಹುಡುಕಿಕೊಂಡು ಊರಿಗೆ ಹೋಗುತ್ತಾನೆ. ಕಥೆ ಮುಂದೆ ಹೇಳುವುದಿಲ್ಲ, ಆಡದವರು ಇರಬಹುದು. ಅಲ್ಲಿ ರಾಕ್ಷಸರು ಎಲ್ಲಿಂದಲೋ ಬಂದವರಲ್ಲ. ಇವನ ತಲೆಯೊಳಗಿದ್ದದ್ದೇ ಹೊರಗೆ ಓಡಾಡುತ್ತಿದೆ. ಗುಂಡು ಎಷ್ಟಿದ್ದರೂ ಅದಕ್ಕೇನು ಮಾಡುತ್ತೀರಿ? ಹಲಗೆಯ ತುದಿಗೆ ಮೊಳೆ ಇರುವ ದೊಣ್ಣೆ ಹಿಡಿದು ಹೊಡೆಯುವಾಗ ನನಗೆ ಭಯಕ್ಕಿಂತ ಅಸಹ್ಯ, ಅಸಹ್ಯಕ್ಕಿಂತ ಬೇಜಾರು ಜಾಸ್ತಿ ಆಯಿತು. ಬೇರೆ ಯಾವ ಗೇಮ್‌ನಲ್ಲೂ ಹಾಗೆ ಆಗಿಲ್ಲ.

ಆ ಊರಿನ ಮಂಜಿನ ಬಗ್ಗೆಯೂ ಹೇಳಬೇಕು. 1999ರ ಮೊದಲ ಭಾಗದಲ್ಲಿ ಪ್ಲೇಸ್ಟೇಷನ್‌ಗೆ ದೂರದ ಬೀದಿ, ಮನೆ ಎಲ್ಲ ತೋರಿಸುವ ಶಕ್ತಿ ಇರಲಿಲ್ಲ. ಮಂಜನ್ನೂ ಕತ್ತಲನ್ನೂ ಹಾಕಿ ಮುಚ್ಚಿದರು. ಅದೇ ಆ ಸರಣಿಯ ಗುರುತಾಯಿತು. ಜೇಬಿನ ರೇಡಿಯೋ ಕರಕರ ಅಂದರೆ ಏನೋ ಹತ್ತಿರ ಇದೆ ಅಂತ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಸ್ಟೇಷನ್ ಸಿಗದೆ ರೇಡಿಯೋ ಕರಕರ ಅನ್ನಲು ಶುರುವಾದರೆ ನಾನು ಈಗ ಆಫ್ ಮಾಡುತ್ತೇನೆ. ಮುಂದಿನ ಲಾರಿಯ ಕೆಂಪು ಲೈಟ್ ಕಂಡರೆ ಸಮಾಧಾನ.

ಬಿಎಂರೋಡ್_ಜೋನ್ಸ್

ಕಥೆ ಒಪ್ಪುತ್ತೇನೆ. ಆದರೆ ಹಳೇ ಸೈಲೆಂಟ್ ಹಿಲ್ 2ರಲ್ಲಿ ಹೊಡೆದಾಟ ಬಹಳ ಒಡ್ಡೊಡ್ಡು. ಅದನ್ನು "ಜೇಮ್ಸ್ ಸಾಮಾನ್ಯ ಮನುಷ್ಯ, ಅದಕ್ಕೇ ಹಾಗೆ" ಅಂತ ಸಮರ್ಥಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕೆಟ್ಟ ಕಂಟ್ರೋಲ್ ಭಯ ಅಲ್ಲ, ಸಿಟ್ಟು ಬರಿಸುತ್ತದೆ. ರಿಮೇಕ್‌ನಲ್ಲಿ ತಪ್ಪಿಸಿಕೊಳ್ಳುವ ಬಟನ್ ಕೊಟ್ಟರು, ಕ್ಯಾಮೆರಾ ಹೆಗಲ ಹಿಂದೆ ಬಂತು. ಒಂದು ಚೂರೂ ಭಯ ಕಡಿಮೆ ಆಗಲಿಲ್ಲ.

ರತ್ನಗಿರಿ_ಬೋರೆ

ಕ್ಯಾಮೆರಾ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಹಳೆಯದರಲ್ಲಿ ಕ್ಯಾಮೆರಾ ಮೂಲೆಯಲ್ಲಿ ನಿಂತು ನಮ್ಮನ್ನು ನೋಡುತ್ತಿತ್ತು. ಮುಂದೇನಿದೆ ಅಂತ ಕಾಣುತ್ತಿರಲಿಲ್ಲ. ಬಾಕಿ ಸರಿ.

ಹೊಸಬ_ಹಾಸನ

ನಮಸ್ಕಾರ ಎಲ್ಲರಿಗೂ. ನನ್ನದು ಕಾಲೇಜಿಗೆ ತಗೊಂಡ ಹಳೇ ಲ್ಯಾಪ್‌ಟಾಪ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ನೀವು ಹೇಳಿದ ರಿಮೇಕ್ ಒಂದೂ ನಡೆಯುವುದಿಲ್ಲ. ಏನಾದರೂ ಇದೆಯಾ? ಇನ್ನೊಂದು, ನಮ್ಮ ಕಡೆ ರಾತ್ರಿ ಕರೆಂಟ್ ಹೋಗುತ್ತಿರುತ್ತದೆ, ಬ್ಯಾಟರಿ ಸತ್ತಿದೆ.

ಬಿಎಂರೋಡ್_ಜೋನ್ಸ್

ತಮ್ಮಾ, ಬ್ಯಾಟರಿ ಸತ್ತಿರುವ ಲ್ಯಾಪ್‌ಟಾಪ್‌ನಲ್ಲಿ ಪ್ರಾಜೆಕ್ಟ್ ಐಜಿಐ ಆಡು, ಅದಕ್ಕಿಂತ ದೊಡ್ಡ ಹಾರರ್ ಇಲ್ಲ. 2000ನೇ ಇಸವಿಯ ಗೇಮ್. ಮಿಷನ್ ಮಧ್ಯೆ ಸೇವ್ ಇಲ್ಲ. ಹಾಸನದ ಸೈಬರ್ ಸೆಂಟರ್‌ಗಳಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡಿದ್ದೇವೆ. ಅಲಾರಂ ಹೊಡೆದು, ವಾಚ್‌ಟವರ್‌ನವನು ಗುರಿ ಇಟ್ಟು, ಇನ್ನೇನು ಗೇಟ್ ದಾಟಬೇಕು ಅನ್ನುವಾಗ ಕರೆಂಟ್ ಹೋಗುತ್ತಿತ್ತು. ಅಂಗಡಿಯಣ್ಣ ದುಡ್ಡು ಮಾತ್ರ ಪೂರ್ತಿ ತಗೊಳ್ಳುತ್ತಿದ್ದ.

ಇಶಿಮುರಾ_ಮೆಕ್ಯಾನಿಕ್

ಜೋನ್ಸ್ ಮಾತು ಕೇಳಬೇಡ. ಅಮ್ನೀಷಿಯಾ: ದ ಡಾರ್ಕ್ ಡಿಸೆಂಟ್ (2010) ನೋಡು, ಸೆಟ್ಟಿಂಗ್ ಕಡಿಮೆ ಇಟ್ಟರೆ ನಡೆಯಬಹುದು. ಆಯುಧವೇ ಇಲ್ಲ. ಕತ್ತಲಲ್ಲಿ ನಿಂತರೆ ತಲೆ ಕೆಡುತ್ತದೆ, ಲಾಂದ್ರ ಹಚ್ಚಿದರೆ ಎಣ್ಣೆ ಮುಗಿಯುತ್ತದೆ. ಬಂದ ಪ್ರಾಣಿಯನ್ನು ನೋಡುತ್ತಾ ನಿಂತರೂ ತಲೆ ಕೆಡುತ್ತದೆ. ಗೋಡೆ ನೋಡಿಕೊಂಡು ಕೂರಬೇಕು.

ಆಮೇಲೆ ಮೊದಲ ರೆಸಿಡೆಂಟ್ ಈವಿಲ್. 2002ರಲ್ಲಿ ಬಂದ ರಿಮೇಕ್ ಅನ್ನೇ 2015ರಲ್ಲಿ ಪಿಸಿಗೆ ಎಚ್‌ಡಿ ಮಾಡಿ ಬಿಟ್ಟಿದ್ದಾರೆ. ಹಿನ್ನೆಲೆ ಹೆಚ್ಚಿನದು ಮೊದಲೇ ಮಾಡಿಟ್ಟ ಚಿತ್ರ, ಹಾಗಾಗಿ ಕಂಪ್ಯೂಟರ್‌ಗೆ ಭಾರ ಕಡಿಮೆ. ಆದರೆ ಸೇವ್ ಮಾಡಲು ಟೈಪ್‌ರೈಟರ್ ರಿಬ್ಬನ್ ಬೇಕು, ರಿಬ್ಬನ್‌ಗೂ ಲೆಕ್ಕ ಇದೆ. ಒಂದು ಯುಪಿಎಸ್ ಹಾಕಿಸಿಕೋ.

ಬಾಳೆಹೊನ್ನೂರು_ಅಕ್ಕ

ಈ ಗೇಮ್‌ಗಳು ಹೆಚ್ಚಿನವು 18 ದಾಟಿದವರಿಗೆ ಅಂತ ಡಬ್ಬಿ ಮೇಲೇ ಇರುತ್ತದೆ, ಮನೆಯಲ್ಲಿ ಚಿಕ್ಕವರಿದ್ದರೆ ನೋಡಿಕೊಳ್ಳಿ. ನನ್ನ ತಂಗಿ ಮಗ ಮೊಬೈಲ್‌ನಲ್ಲಿ ಗ್ರಾನಿ ಆಡುತ್ತಾನೆ. ಏನಾದರೂ ಕೆಳಗೆ ಬಿದ್ದು ಸದ್ದಾದರೆ ಅಜ್ಜಿ ಓಡಿ ಬರುತ್ತಾಳಲ್ಲ, ಅದೇ. ರಜಕ್ಕೆ ಬಂದವನು ಅವನ ಸ್ವಂತ ಅಜ್ಜಿ ಲೋಟ ಬೀಳಿಸಿದಾಗ ಮಂಚದ ಕೆಳಗೆ ಹೋಗಿ ಕೂತ. ನಮ್ಮಮ್ಮನಿಗೆ ಇವತ್ತಿಗೂ ಸಿಟ್ಟಿದೆ.

ಸಕಲೇಶಪುರ_ತೋಟದವನು

ಲೋಟ ಬಿದ್ದರೆ ಬಚ್ಚಿಟ್ಟುಕೊಳ್ಳುವ ಹುಡುಗ ಏಲಿಯನ್ ಚೆನ್ನಾಗಿ ಆಡುತ್ತಾನೆ, ದೊಡ್ಡವನಾಗಲಿ.

ಹೊಸಬ_ಹಾಸನ

ರೆಸಿಡೆಂಟ್ ಈವಿಲ್ ಎಚ್‌ಡಿ ನಡೆಯುತ್ತಿದೆ! ಸ್ವಲ್ಪ ನಿಧಾನ, ಆದರೆ ಸಾಕು. ಥ್ಯಾಂಕ್ಸ್ ಅಣ್ಣ. ಆಡಲು ಇರುವ ಇಬ್ಬರಲ್ಲಿ (ಕ್ರಿಸ್, ಜಿಲ್) ಕ್ರಿಸ್ ತಗೊಂಡಿದ್ದೇನೆ. ಒಂದು ಡೌಟು. ಕಾರಿಡಾರ್‌ನಲ್ಲಿ ಸಾಯಿಸಿದ್ದ ಜಾಂಬಿ ವಾಪಸ್ ಬಂದಾಗ ಎದ್ದು ಓಡಿ ಬಂತು, ಮೈಯೆಲ್ಲ ಕೆಂಪು. ಇದು ಬಗ್ಗಾ (ಗೇಮ್‌ನ ದೋಷವಾ)?

ಮೂಡಿಗೆರೆ_ಮಂಜು

ಬಗ್ ಅಲ್ಲಪ್ಪ, ಅದೇ ಆ ಗೇಮ್‌ನ ಜೀವ. ತಲೆ ಹಾರಿಸದೆ, ಸುಡದೆ ಬಿಟ್ಟ ಹೆಣ ಸ್ವಲ್ಪ ಹೊತ್ತಿನ ಮೇಲೆ ಹಾಗೆ ಏಳುತ್ತದೆ. ಮೊದಲಿಗಿಂತ ಜೋರು. ಸುಡಲು ಸೀಮೆಎಣ್ಣೆ ಬೇಕು, ಅದೂ ಮನೆಯಲ್ಲಿ ಅಲ್ಲಲ್ಲಿ ಮಾತ್ರ ಇದೆ. ಕ್ಯಾನ್ ಒಮ್ಮೆ ತುಂಬಿಸಿದರೆ ಎರಡೇ ಹೆಣಕ್ಕೆ. ನೀನು ದಿನಾ ಓಡಾಡುವ ಕಾರಿಡಾರ್ ಯಾವುದು ನೋಡಿಕೊಂಡು ಅಲ್ಲಿನದ್ದು ಮಾತ್ರ ಸುಡು. ಮತ್ತೆ ಹೋಗದ ಜಾಗದಲ್ಲಿ ಕೊಲ್ಲಲೇಬೇಡ, ಸುತ್ತು ಹಾಕಿ ಹೋಗು.

ರತ್ನಗಿರಿ_ಬೋರೆ

ಮತ್ತೆ ಮೊದಲ ಸಲಕ್ಕೆ ಕ್ರಿಸ್ ಯಾಕೆ ತಗೊಂಡೆ? ಅವನಿಗೆ ಸಾಮಾನು ಇಡಲು 6 ಜಾಗ, ಜಿಲ್‌ಗೆ 8. ಅವಳ ಹತ್ತಿರ ಬೀಗ ತೆಗೆಯುವ ಕಡ್ಡಿಯೂ ಇದೆ. ಜಾಸ್ತಿ ಮುಂದೆ ಹೋಗಿಲ್ಲ ಅಂದರೆ ಮತ್ತೆ ಶುರು ಮಾಡು.

ಇಶಿಮುರಾ_ಮೆಕ್ಯಾನಿಕ್

ಕ್ರಿಸ್‌ನ ಲೈಟರ್ ಆ 6 ಜಾಗದಲ್ಲಿ ಒಂದನ್ನು ತಿನ್ನುವುದಿಲ್ಲ, ಹೊಡೆತ ತಡೆಯುವ ಶಕ್ತಿಯೂ ಜಾಸ್ತಿ. ಬಿಡಿ, ಹುಡುಗ ಕ್ರಿಸ್ ಜೊತೆಯೇ ಕಷ್ಟಪಡಲಿ.

ಹೊಸಬ_ಹಾಸನ

ಈಗಾಗಲೇ ರಿಬ್ಬನ್ ಎಲ್ಲ ಖರ್ಚಾಗಿದೆ ಅಣ್ಣ. ಜಿಲ್ ತಗೊಂಡು ಶುರು ಮಾಡುತ್ತೇನೆ. ಯುಪಿಎಸ್ ಯಾವುದು ತಗೊಳ್ಳಲಿ ಅಂತ ಬೇರೆ ಚರ್ಚೆ ಹಾಕುತ್ತೇನೆ, ಅಲ್ಲಿ ಬನ್ನಿ.